ರೆಂಡರ್ ಹಾಕಿದರೆ ಟೈಪಿಂಗ್ ತಡವರಿಸುತ್ತದೆ, ಪ್ರೋಸೆಸ್ ಲ್ಯಾಸೊ ಹಾಕಲೇ?

ಪ್ರಶ್ನೆ: ಮಂಡ್ಯದಲ್ಲಿ ಚಿಕ್ಕದೊಂದು ಸ್ಟುಡಿಯೊ ಇಟ್ಟಿದ್ದೀನಿ. ಮದುವೆ ವಿಡಿಯೊ ಎಡಿಟಿಂಗು, ಡಿಟಿಪಿ, ಜೆರಾಕ್ಸು, ಆನ್‌ಲೈನ್ ಅರ್ಜಿ ಎಲ್ಲಾ ಒಂದೇ ಕಂಪ್ಯೂಟರ್‌ನಲ್ಲಿ. ಕೋರ್ ಐ5 10ನೇ ಜನರೇಷನ್ (6 ಕೋರ್, 12 ಥ್ರೆಡ್), 8 ಜಿಬಿ ರ್‍ಯಾಮ್, ವಿಂಡೋಸ್ 11 ಇರುವ 256 ಜಿಬಿ ಎಸ್‌ಎಸ್‌ಡಿ, ವಿಡಿಯೊ ಇಡಲು 1 ಟಿಬಿ ಹಾರ್ಡ್ ಡಿಸ್ಕ್. ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಫೈಲ್ ಮಾಡೋದು) ಹಾಕಿ ವರ್ಡ್‌ನಲ್ಲಿ ನುಡಿ ಟೈಪಿಂಗಿಗೆ ಕೂತರೆ ಅಕ್ಷರ ಎರಡು ಮೂರು ಸೆಕೆಂಡ್ ತಡವಾಗಿ ಬೀಳುತ್ತೆ, ಗಿರಾಕಿ ಎದುರಿಗೆ ನಿಂತಿರ್ತಾರೆ. ಪ್ರೋಸೆಸ್ ಲ್ಯಾಸೊ ಹಾಕಿ ಅಂತ ಒಬ್ಬರು, ರ್‍ಯಾಮ್ ಕ್ಲೀನರ್ ಹಾಕಿ ಅಂತ ಇನ್ನೊಬ್ಬರು ಹೇಳ್ತಾರೆ. ಇವು ನಿಜಕ್ಕೂ ಕೆಲಸ ಮಾಡ್ತವಾ? ಯಾವುದನ್ನು ಹೇಗೆ ಸೆಟ್ ಮಾಡಬೇಕು?

ಉತ್ತರ: ಯಾವ ಪ್ರೋಗ್ರಾಮಿಗೆ ಸಿಪಿಯು ಮೊದಲು ಸಿಗಬೇಕೆಂದು ಸರದಿ ಹಾಕುವ ಪ್ರೋಸೆಸ್ ಲ್ಯಾಸೊ ಕೆಲಸ ಮಾಡುತ್ತದೆ, ಆದರೆ ಪೈಪೋಟಿ ಸಿಪಿಯುವಿಗಾಗಿ ನಡೆಯುತ್ತಿದ್ದರೆ ಮಾತ್ರ. ರ್‍ಯಾಮ್ ಕ್ಲೀನರ್ ಬೇಡವೇ ಬೇಡ. ಯಾಕೆಂದು ಮುಂದೆ ಬರೆದಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು "ಎರಡು ಮೂರು ಸೆಕೆಂಡ್" ಎಂಬ ಮಾತು. ಬರೀ ಸಿಪಿಯು ತುಂಬಿ ಹೋಗಿ ಆಗುವ ತಡ ಸಾಮಾನ್ಯವಾಗಿ ಸೆಕೆಂಡಿನ ಒಂದು ಚೂರಿನಷ್ಟಿರುತ್ತದೆ. ಅದು ಸೆಕೆಂಡುಗಳಿಗೆ ಏರಿದೆ ಎಂದರೆ ರ್‍ಯಾಮ್ ಇಲ್ಲವೇ ಡಿಸ್ಕ್ ಕೂಡ ಇದರಲ್ಲಿ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಏನನ್ನಾದರೂ ಇನ್‌ಸ್ಟಾಲ್ ಮಾಡುವ ಮೊದಲು ಐದು ನಿಮಿಷ ಪರೀಕ್ಷೆಗೆ ಕೊಡಿ.

ಈ ತಂತ್ರಾಂಶಗಳ ಸ್ವಭಾವ ನಿಮಗೆ ನಾಲೆ ನೀರಿನ ಲೆಕ್ಕದಲ್ಲಿ ಬೇಗ ತಿಳಿಯುತ್ತದೆ. ವಿ.ಸಿ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಟ್ಟಾಗ ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ ಅನ್ನುವುದು ಬದಲಾಗುತ್ತದೆ. ಅದರಿಂದ ಕೆಆರ್‌ಎಸ್‌ನ ಮಟ್ಟ ಒಂದು ಅಡಿಯೂ ಏರುವುದಿಲ್ಲ. ಪ್ರಯಾರಿಟಿ, ಅಂದರೆ ಆದ್ಯತೆ, ಬದಲಿಸುವ ಯಾವ ತಂತ್ರಾಂಶವೂ ಸಿಪಿಯುವಿನ ವೇಗ ಹೆಚ್ಚಿಸುವುದಿಲ್ಲ, ಸರದಿಯನ್ನಷ್ಟೇ ನಿಗದಿ ಮಾಡುತ್ತದೆ. ಆ ಸರದಿ ಸರಿಹೋದರೆ ನಿಮ್ಮಂಥವರಿಗೆ ಆಗುವ ಅನುಕೂಲ ಮಾತ್ರ ಸಣ್ಣದಲ್ಲ: ರೆಂಡರ್‌ಗೆ ಇಡೀ ರಾತ್ರಿ ಸಮಯವಿದೆ, ಅರ್ಜಿ ಹಿಡಿದು ನಿಂತವರಿಗೆ ಇಲ್ಲ.

ಪರೀಕ್ಷೆ ಹೀಗೆ. ರೆಂಡರ್ ಓಡುತ್ತಿರಲಿ, ವರ್ಡ್ ತೆರೆದು ಟೈಪ್ ಮಾಡಿ. ತಡವಾಗುತ್ತಿರುವ ಹೊತ್ತಿಗೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು ಶೇ 100ರ ಹತ್ತಿರ, ಮೆಮೊರಿ ಶೇ 70ರ ಒಳಗೆ, ಡಿಸ್ಕ್ ತಣ್ಣಗಿದ್ದರೆ ನಿಮಗೆ ಬೇಕಿರುವುದು ಪ್ರಯಾರಿಟಿ ಹೊಂದಿಸುವುದಷ್ಟೇ. ಮೆಮೊರಿ 90 ದಾಟಿದ್ದು, ಕೆಳಗೆ ಕಮಿಟೆಡ್ ಎಂಬಲ್ಲಿನ ಮೊದಲ ಅಂಕೆ 8 ಜಿಬಿಗಿಂತ ಬಹಳ ಮುಂದೆ ಹೋಗಿದ್ದರೆ ರ್‍ಯಾಮ್ ಸಾಲುತ್ತಿಲ್ಲ. ಅನುಮಾನವಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ ತೆರೆದು, ಮೆಮೊರಿ ಪುಟದಲ್ಲಿ ಹಾರ್ಡ್ ಫಾಲ್ಟ್ಸ್ ಗ್ರಾಫ್ ನೋಡಿ. ಆಗೊಂದು ಈಗೊಂದು ಏಳುವುದು ಸಹಜ. ಸೆಕೆಂಡಿಗೆ ನೂರಾರು ಎಡೆಬಿಡದೆ ಬರುತ್ತಿದ್ದರೆ ಕಂಪ್ಯೂಟರ್ ರ್‍ಯಾಮ್ ಬದಲು ಡಿಸ್ಕಿನಿಂದ ಬದುಕುತ್ತಿದೆ ಎಂದರ್ಥ. ಡಿಸ್ಕಿನ ಆ್ಯಕ್ಟಿವ್ ಟೈಮ್ 100ಕ್ಕೆ ಅಂಟಿಕೊಂಡು, ಆವರೇಜ್ ರೆಸ್ಪಾನ್ಸ್ ಟೈಮ್ ನೂರಾರು ಮಿಲಿಸೆಕೆಂಡಿಗೆ ಹೋಗಿದ್ದರೆ ಡಿಸ್ಕಿನ ಮುಂದೆ ಕ್ಯೂ ನಿಂತಿದೆ.

ಇನ್ನೂ ಒಂದು ಗುರುತು ಇದೆ, ಯಾವ ಗ್ರಾಫೂ ಬೇಡ. ಅರ್ಧ ಗಂಟೆ ಬಿಟ್ಟು ವರ್ಡ್‌ಗೆ ವಾಪಸ್ ಬಂದಾಗ ಮೊದಲ ಒಂದೆರಡು ಪದ ಮಾತ್ರ ತಡವರಿಸಿ ಆಮೇಲೆ ಸರಾಗವಾದರೆ ಅದು ರ್‍ಯಾಮ್ ತೊಂದರೆ: ವರ್ಡ್‌ನ ಮೆಮೊರಿ ಪುಟಗಳು (ಮೆಮೊರಿಯ ಸಣ್ಣ ತುಣುಕುಗಳು) ಡಿಸ್ಕಿಗೆ ಹೋಗಿದ್ದವು, ಈಗ ವಾಪಸ್ ಬರುತ್ತಿವೆ. ಎಷ್ಟು ಹೊತ್ತು ಟೈಪ್ ಮಾಡಿದರೂ ಪ್ರತಿ ಅಕ್ಷರವೂ ಒಂದೇ ಸಮ ಹಿಂದೆ ಬೀಳುತ್ತಿದ್ದರೆ ಅದು ಸಿಪಿಯು.

ಸಿಪಿಯು 30ರಲ್ಲೇ ಇದ್ದು ಮೌಸ್ ಬಾಣವೇ ಜರ್ಕ್ ಹೊಡೆಯುತ್ತಿದ್ದರೆ ದಾರಿ ಬೇರೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಸಿಸ್‌ಇಂಟರ್ನಲ್ಸ್ ಬಳಗದ ಪ್ರೋಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಇಂಟರಪ್ಟ್ಸ್ (ಸಾಧನಗಳು ಸಿಪಿಯುವನ್ನು ತಡೆದು ಗಮನ ಕೇಳುವ ಕರೆಗಳು) ಎಂಬ ಸಾಲು ಇರುತ್ತದೆ. ಅದು ಶೇ 1–2ರ ಬದಲು ಶೇ 10ರಂತೆ ತೋರಿಸುತ್ತಿದ್ದರೆ ಯಾವುದೋ ಡ್ರೈವರ್ ಕೆಟ್ಟಿದೆ. ಕಾರ್ಡ್ ರೀಡರ್, ವೈಫೈ ಡಾಂಗಲ್ ಒಂದೊಂದಾಗಿ ಕಿತ್ತು ನೋಡಿ. ಇಂಟರಪ್ಟ್‌ಗಳು ಎಲ್ಲ ಪ್ರಯಾರಿಟಿಗಿಂತ ಮೇಲಿರುವುದರಿಂದ ಲ್ಯಾಸೊ ಅಲ್ಲಿ ಏನೂ ಮಾಡಲಾರದು. ಹಾಗೆಯೇ ಪರ್ಫಾರ್ಮೆನ್ಸ್ ಪುಟದಲ್ಲಿ ಸ್ಪೀಡ್ ಎಂಬ ಅಂಕೆ ಪಕ್ಕದ ಬೇಸ್ ಸ್ಪೀಡ್‌ಗಿಂತ ಕೆಳಗಿಳಿದು ನಿಂತಿದ್ದರೆ ಸಿಪಿಯು ಬಿಸಿಯಾಗಿ ತಾನೇ ನಿಧಾನ ಮಾಡಿಕೊಂಡಿದೆ. ಏಪ್ರಿಲ್‌ನ ಮಂಡ್ಯದಲ್ಲಿ, ರಸ್ತೆ ಬದಿಯ ಅಂಗಡಿಯ ಧೂಳಿನಲ್ಲಿ ಇದು ಮಾಮೂಲು. ಹೀಟ್‌ಸಿಂಕ್ ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳು ಹಿಡಿಯಿರಿ.

ಈಗ ಸಿಪಿಯು ಭಾಗ. ವಿಂಡೋಸ್ ಪ್ರತಿ ಥ್ರೆಡ್‌ಗೂ (ಪ್ರೋಗ್ರಾಮಿನೊಳಗಿನ ಒಂದೊಂದು ಕೆಲಸದ ಎಳೆಗೂ) 0ಯಿಂದ 31ರವರೆಗೆ ಒಂದು ಅಂಕೆ ಕೊಡುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣುವ ಲೋ ಅಂದರೆ 4, ಬಿಲೋ ನಾರ್ಮಲ್ 6, ನಾರ್ಮಲ್ 8, ಅಬವ್ ನಾರ್ಮಲ್ 10, ಹೈ 13, ರಿಯಲ್‌ಟೈಮ್ 24. ನಿಯಮ ಕಟ್ಟುನಿಟ್ಟು: ದೊಡ್ಡ ಅಂಕೆಯ ಥ್ರೆಡ್ ಸಿದ್ಧವಾದ ಕೂಡಲೇ ಚಿಕ್ಕ ಅಂಕೆಯದನ್ನು ಎಬ್ಬಿಸಿ ಜಾಗ ಪಡೆಯುತ್ತದೆ. ಒಂದೇ ಅಂಕೆಯವು ಸರದಿಯಲ್ಲಿ ನಿಲ್ಲುತ್ತವೆ. ನಿಮ್ಮ ಎಡಿಟಿಂಗ್ ತಂತ್ರಾಂಶ 12 ಥ್ರೆಡ್‌ಗಳನ್ನೂ ಹಿಡಿದು 8ರಲ್ಲಿ ಓಡುತ್ತಿದೆ, ವರ್ಡ್ ಕೂಡ 8ರಲ್ಲೇ ಇದೆ. ಎದುರಿಗಿರುವ ವಿಂಡೋಗೆ, ಕೀಲಿ ಒತ್ತಿದಾಗ ಎಚ್ಚರವಾಗುವ ಥ್ರೆಡ್‌ಗೆ ವಿಂಡೋಸ್ ತಾತ್ಕಾಲಿಕವಾಗಿ ಸ್ವಲ್ಪ ಮೇಲೆತ್ತಿ ಕೊಡುತ್ತದೆ ನಿಜ, ಆದರೆ ಆ ಎತ್ತರ ಬೇಗ ಕರಗುತ್ತದೆ. ವರ್ಡ್ ಒಂದಕ್ಕೇ ಸಿಕ್ಕರೂ ಸಾಲದು. ಕೀಲಿಯಿಂದ ಪರದೆಯವರೆಗೆ ನಾಲ್ಕೈದು ಪ್ರೋಸೆಸ್‌ಗಳ, ಅಂದರೆ ಓಡುತ್ತಿರುವ ಪ್ರೋಗ್ರಾಮುಗಳ, ಕೈ ದಾಟಿ ಅಕ್ಷರ ಬರಬೇಕು. ಒಂದು ಸರದಿಯ ಮೂಲ ಅಳತೆ ಸುಮಾರು 31 ಮಿಲಿಸೆಕೆಂಡ್. ಅಂಥ ಕಾಯುವಿಕೆ ಒಂದರ ಮೇಲೊಂದು ಬಿದ್ದಾಗ ಬೆರಳಿಗೆ ಗೊತ್ತಾಗುತ್ತದೆ.

ಪರಿಹಾರ ಸರಳ: ರೆಂಡರ್ ಮಾಡುವ ಪ್ರೋಸೆಸ್ಸನ್ನು 8ರಿಂದ 6ಕ್ಕೆ ಇಳಿಸಿ. ವರ್ಡನ್ನು ಮೇಲೆತ್ತಬೇಡಿ. ಈ ವ್ಯತ್ಯಾಸ ಮುಖ್ಯ, ಹೆಚ್ಚಿನವರು ಎಡವುವುದು ಇಲ್ಲೇ. ವರ್ಡನ್ನು ಹೈ ಮಾಡಿದರೆ ನುಡಿ, ಪ್ರಿಂಟ್ ಸ್ಪೂಲರ್, ಬ್ರೌಸರ್ ಎಲ್ಲವೂ ಹಿಂದೆಯೇ ಉಳಿಯುತ್ತವೆ. ಒಂದೊಂದಾಗಿ ಎತ್ತುತ್ತ ಹೋದರೆ ಕೊನೆಗೆ ಎಲ್ಲವೂ ಮೇಲಿದ್ದು ಯಾವುದಕ್ಕೂ ಮುಂದಿನ ಸರದಿ ಇಲ್ಲದಂತಾಗುತ್ತದೆ. ಹೊಟ್ಟೆಬಾಕ ಒಬ್ಬನೇ ಇದ್ದಾನೆ, ಅವನನ್ನು ಎರಡು ಮೆಟ್ಟಿಲು ಕೆಳಗೆ ಕೂರಿಸಿದರೆ ಉಳಿದವರೆಲ್ಲ ತಾವಾಗಿಯೇ ಮುಂದೆ ಬರುತ್ತಾರೆ. ರೆಂಡರ್‌ಗೆ ಇದರಿಂದ ಆಗುವ ನಷ್ಟ ಅತ್ಯಲ್ಪ, ಯಾಕೆಂದರೆ ಟೈಪಿಂಗ್ ಮತ್ತು ಅರ್ಜಿ ಕೆಲಸ ಸಿಪಿಯುವಿನ ಚೂರುಪಾರನ್ನಷ್ಟೇ ಕೇಳುತ್ತವೆ. ಮಿಕ್ಕದ್ದೆಲ್ಲ ರೆಂಡರ್‌ಗೇ ಹೋಗುತ್ತದೆ. ಕೆಳಗಿಳಿದ ಥ್ರೆಡ್ ಶಾಶ್ವತವಾಗಿ ಒಣಗುವುದೂ ಇಲ್ಲ: ಸುಮಾರು 4 ಸೆಕೆಂಡ್ ಸರದಿ ಸಿಗದೆ ಕಾದ ಥ್ರೆಡ್ಡನ್ನು ವಿಂಡೋಸ್ ಹುಡುಕಿ 15ಕ್ಕೆ ಎತ್ತಿ ಸ್ವಲ್ಪ ಹೊತ್ತು ಓಡಿಸುತ್ತದೆ. ನಾಲೆಯ ಕೊನೇ ಭಾಗದ ಗದ್ದೆಗೂ ನೀರು ಮುಟ್ಟಿಸುವ ವ್ಯವಸ್ಥೆ ಅದು.

ಯಾವುದೇ ತಂತ್ರಾಂಶ ಹಾಕದೆ ಮೊದಲು ಕೈಯಿಂದ ಮಾಡಿ ನೋಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಡಿಟಿಂಗ್ ತಂತ್ರಾಂಶದ ಮೇಲೆ ರೈಟ್ ಕ್ಲಿಕ್ ಮಾಡಿ ಗೋ ಟು ಡೀಟೇಲ್ಸ್ ಒತ್ತಿ. ಅಲ್ಲಿ ಹೈಲೈಟ್ ಆದ ಹೆಸರಿನ ಮೇಲೆ ಮತ್ತೆ ರೈಟ್ ಕ್ಲಿಕ್, ಸೆಟ್ ಪ್ರಯಾರಿಟಿ, ಬಿಲೋ ನಾರ್ಮಲ್. ತಕ್ಷಣ ಟೈಪ್ ಮಾಡಿ. ಸರಿಹೋಯಿತೇ? ಹಾಗಿದ್ದರೆ ರೋಗ ಪತ್ತೆಯಾಯಿತು. ಏನೂ ಬದಲಾಗಲಿಲ್ಲವೇ? ಲ್ಯಾಸೊ ಹಾಕಿದರೂ ಬದಲಾಗುವುದಿಲ್ಲ, ನೇರವಾಗಿ ಕೆಳಗಿನ ರ್‍ಯಾಮ್ ವಿಷಯ ಓದಿ.

ಟಾಸ್ಕ್ ಮ್ಯಾನೇಜರ್‌ನ ಕೊರತೆ ಏನೆಂದರೆ ತಂತ್ರಾಂಶ ಮುಚ್ಚಿ ತೆರೆದರೆ ಈ ಸೆಟ್ಟಿಂಗ್ ಅಳಿಸಿಹೋಗುತ್ತದೆ. ನೆನಪಿಟ್ಟುಕೊಂಡು ಪ್ರತಿ ಸಲ ಹಾಕುವ ಕೆಲಸವನ್ನು ಲ್ಯಾಸೊ ವಹಿಸಿಕೊಳ್ಳುತ್ತದೆ. ಅದರ ಪಟ್ಟಿಯಲ್ಲಿ ರೆಂಡರ್ ಪ್ರೋಸೆಸ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಪಿಯು ಪ್ರಯಾರಿಟಿ ಸಿಗುತ್ತದೆ. ಅದರೊಳಗೆ ಕರೆಂಟ್ ಎಂದರೆ ಈ ಸಲಕ್ಕೆ ಮಾತ್ರ, ಆಲ್ವೇಸ್ ಎಂದರೆ ಯಾವಾಗಲೂ. ಆಲ್ವೇಸ್ ಒಳಗೆ ಬಿಲೋ ನಾರ್ಮಲ್ ಆರಿಸಿ. ಅದೇ ರೀತಿ ಐಒ ಪ್ರಯಾರಿಟಿಯನ್ನು (ಡಿಸ್ಕ್ ಓದು-ಬರಹದ ಆದ್ಯತೆ) ಲೋ ಮಾಡಿ. ಡಿಸ್ಕಿನ ಕ್ಯೂನಲ್ಲೂ ರೆಂಡರ್ ಹಿಂದೆ ನಿಲ್ಲುತ್ತದೆ. ನಿಮ್ಮ ತಂತ್ರಾಂಶ ಅಡೋಬಿಯದಾದರೆ ಎಕ್ಸ್‌ಪೋರ್ಟನ್ನು, ಅಂದರೆ ರೆಂಡರನ್ನು, ಮೀಡಿಯಾ ಎನ್‌ಕೋಡರ್ ಕ್ಯೂಗೆ ಕಳಿಸಿ ಅದೊಂದನ್ನೇ ಇಳಿಸಬಹುದು. ಎಡಿಟಿಂಗ್, ರೆಂಡರ್ ಎರಡೂ ಒಂದೇ ಪ್ರೋಸೆಸ್ಸಾದರೂ ಚಿಂತೆಯಿಲ್ಲ, ಟೈಮ್‌ಲೈನ್ ಕತ್ತರಿಸುವಾಗ ಸಿಪಿಯು ಕೇಳುವವರು ಬೇರೆ ಯಾರೂ ಇಲ್ಲದಿದ್ದರೆ 6ರಲ್ಲಿದ್ದರೂ ಪೂರ್ತಿ ವೇಗ ಸಿಗುತ್ತದೆ.

ಲ್ಯಾಸೊದ ಹೆಸರುವಾಸಿ ಭಾಗ ಪ್ರೋಬ್ಯಾಲೆನ್ಸ್. ಸಿಪಿಯು ಒತ್ತಡ ಏರಿದಾಗ ಹಿನ್ನೆಲೆಯಲ್ಲಿ ಅತಿಯಾಗಿ ತಿನ್ನುತ್ತಿರುವ ಪ್ರೋಸೆಸ್ಸನ್ನು ಗುರುತಿಸಿ ತಾತ್ಕಾಲಿಕವಾಗಿ ಇಳಿಸುತ್ತದೆ, ಒತ್ತಡ ತಗ್ಗಿದ ಮೇಲೆ ಮೊದಲಿದ್ದಲ್ಲಿಗೆ ತರುತ್ತದೆ. ನಿಮ್ಮ ಹೊಟ್ಟೆಬಾಕ ಯಾರೆಂದು ಮೊದಲೇ ಗೊತ್ತಿರುವುದರಿಂದ ಮೇಲಿನ ಸ್ಥಿರ ನಿಯಮವೇ ಸಾಕು. ಯಾವಾಗ ಯಾವುದು ಏಳುತ್ತದೋ ಗೊತ್ತಿಲ್ಲದ ಅಪ್‌ಡೇಟರ್, ಇಂಡೆಕ್ಸರ್‌ಗಳಿಗೆ ಪ್ರೋಬ್ಯಾಲೆನ್ಸ್ ಒಳ್ಳೆಯದು. ಅದು ಏನು ಮಾಡಿತು ಎಂಬುದು ಕೆಳಗಿನ ಲಾಗ್‌ನಲ್ಲಿ ಸಮಯದ ಸಮೇತ ಸಿಗುತ್ತದೆ. ಮೊದಲ ವಾರ ದಿನಕ್ಕೊಮ್ಮೆ ಓದಿ. ಇಂಥ ಎರಡು ತಂತ್ರಾಂಶಗಳನ್ನು, ಉದಾಹರಣೆಗೆ ಲ್ಯಾಸೊ ಜೊತೆ ಇನ್ನೊಂದು ಗೇಮ್ ಬೂಸ್ಟರ್, ಒಟ್ಟಿಗೆ ಇಡಬೇಡಿ. ಒಂದು ಇಳಿಸಿದ್ದನ್ನು ಇನ್ನೊಂದು ಎತ್ತುತ್ತಿರುತ್ತದೆ. ಅಂಗಡಿಯ ಬಳಕೆಗೆ ಲೈಸೆನ್ಸ್ ಷರತ್ತನ್ನೂ ಓದಿಕೊಳ್ಳಿ.

ಕನ್ನಡ ಟೈಪಿಂಗ್ ಮಾಡುವವರಿಗೆ ಒಂದು ವಿಶೇಷ ಎಚ್ಚರಿಕೆ. ನುಡಿ, ಬರಹದಂಥ ಕೀಲಿಮಣೆ ತಂತ್ರಾಂಶ ಹಿನ್ನೆಲೆಯಲ್ಲಿ ಕೂತು ನೀವು ಒತ್ತಿದ ಕೀಲಿಯನ್ನು ಹಿಡಿದು, ಕನ್ನಡ ಅಕ್ಷರವಾಗಿಸಿ ವರ್ಡ್‌ಗೆ ಕೊಡುತ್ತದೆ. ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ಅದು ಮೂಲೆಯ ಬೇಡದ ವಸ್ತುವಿನಂತೆ ಕಾಣುತ್ತದೆ. "ಹಿನ್ನೆಲೆಯದ್ದೆಲ್ಲ ಇಳಿಸೋಣ" ಎಂದು ಅದನ್ನೂ ಲೋ ಮಾಡಿದರೆ, ಅಥವಾ ವಿಂಡೋಸ್ 11ರ ಎಫಿಷಿಯೆನ್ಸಿ ಮೋಡ್‌ಗೆ ಹಾಕಿದರೆ, ವರ್ಡ್ ಎಷ್ಟೇ ಚುರುಕಾಗಿದ್ದರೂ ಅಕ್ಷರ ನುಡಿಯ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷ್ ಟೈಪ್ ಮಾಡಿದರೆ ಸರಾಗ, ಕನ್ನಡಕ್ಕೆ ಮಾತ್ರ ತಡ ಎಂದಾದರೆ ಕಾರಣ ಬಹುಪಾಲು ಇದೇ. ಲ್ಯಾಸೊದಲ್ಲಿ ನುಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೋಬ್ಯಾಲೆನ್ಸ್‌ನಿಂದ ಹೊರಗಿಡುವ ಆಯ್ಕೆ ಗುರುತು ಮಾಡಿ. ನಾನು ಎತ್ತಲು ಒಪ್ಪುವ ಪ್ರೋಸೆಸ್ ಇದೊಂದೇ: ಅಬವ್ ನಾರ್ಮಲ್ ಮಾಡಿದರೂ ಹಾನಿಯಿಲ್ಲ, ಅದು ತಿನ್ನುವುದೇ ಅಷ್ಟು ಕಡಿಮೆ.

ಎಫಿಷಿಯೆನ್ಸಿ ಮೋಡ್ ಬಗ್ಗೆ ಇನ್ನೊಂದು ಮಾತು. ಅದು ಪ್ರಯಾರಿಟಿಯನ್ನು ಲೋಗೆ ಇಳಿಸುವುದಲ್ಲದೆ ವಿದ್ಯುತ್ ಉಳಿಸುವ ರೀತಿಯಲ್ಲಿ ಓಡಿಸು ಎಂದೂ ಸಿಪಿಯುಗೆ ಹೇಳುತ್ತದೆ. ಹಸಿರು ಎಲೆಯ ಗುರುತು ಕಂಡರೆ ಅದು. ಬ್ರೌಸರ್‌ಗೆ ಪರವಾಗಿಲ್ಲ, ರೆಂಡರ್‌ಗೆ ಬಳಸಬೇಡಿ. ಮುಂದೆ 12ನೇ ಜನರೇಷನ್ ಅಥವಾ ನಂತರದ, ಎರಡು ಬಗೆಯ ಕೋರ್‌ಗಳಿರುವ ಸಿಪಿಯು ಕೊಂಡರಂತೂ ರೆಂಡರ್ ಪೂರ್ತಿ ಚಿಕ್ಕ ಕೋರ್‌ಗಳಿಗೆ ಸರಿದು ರಾತ್ರಿಯ ಕೆಲಸ ಮಧ್ಯಾಹ್ನದವರೆಗೆ ಎಳೆಯಬಹುದು.

ಅಫಿನಿಟಿ ಎಂಬ ಇನ್ನೊಂದು ಆಯುಧವಿದೆ: ಈ ಪ್ರೋಸೆಸ್ ಇಂತಿಂಥ ಕೋರ್‌ಗಳಲ್ಲಿ ಮಾತ್ರ ಓಡಬೇಕು ಎಂದು ಬೇಲಿ ಹಾಕುವುದು. ರೆಂಡರ್‌ಗೆ ಸಿಪಿಯು 0 ಮತ್ತು 1ರ ಗುರುತು ತೆಗೆದರೆ ಒಂದು ಪೂರ್ತಿ ಕೋರ್ ಟೈಪಿಂಗಿಗೆ ಮೀಸಲು. ಆದರೆ ನೀವು ಊಟಕ್ಕೆ ಹೋದಾಗಲೂ ಆ ಕೋರ್ ಖಾಲಿ ಕೂತಿರುತ್ತದೆ, ಬೇಲಿ ದಾಟಲು ರೆಂಡರ್‌ಗೆ ಅವಕಾಶವಿಲ್ಲ. ಬಿಲೋ ನಾರ್ಮಲ್ ಸಾಕಾಗದಿದ್ದರೆ ಮಾತ್ರ ಇದನ್ನು ಬಳಸಿ.

ಮಾಡಲೇಬಾರದ್ದು ರೆಂಡರ್ ಬೇಗ ಮುಗಿಯಲೆಂದು ಅದನ್ನು ಹೈ ಅಥವಾ ರಿಯಲ್‌ಟೈಮ್ ಮಾಡುವುದು. 12 ಥ್ರೆಡ್‌ಗಳೂ 24ರಲ್ಲಿ ಓಡತೊಡಗಿದರೆ ಕೀಲಿಮಣೆ, ಮೌಸ್, ಡಿಸ್ಕ್ ನೋಡಿಕೊಳ್ಳುವ ವಿಂಡೋಸ್‌ನ ಸ್ವಂತ ಥ್ರೆಡ್‌ಗಳೇ ಹಸಿದು ಬೀಳುತ್ತವೆ. ಪರದೆ ಹೆಪ್ಪುಗಟ್ಟಿ ಪವರ್ ಬಟನ್ ಒತ್ತಬೇಕಾಗುತ್ತದೆ, ಬೀಗರೂಟದ ರೆಂಡರ್ ಅರ್ಧದಲ್ಲೇ ಹೋಗುತ್ತದೆ. ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಎಂಬುದನ್ನು ಇಳಿಸಲು ಹೋದರೆ ಆಕ್ಸೆಸ್ ಡಿನೈಡ್ ಬರುತ್ತದೆ. ಅದು ಡಿಫೆಂಡರ್, ವೈರಸ್ ಅದನ್ನು ಕೊಲ್ಲದಿರಲೆಂದು ವಿಂಡೋಸೇ ಕಾವಲು ಹಾಕಿದೆ. ಅದರ ತಪಾಸಣೆಯ ಹೊತ್ತನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಂಗಡಿ ತೆರೆಯುವ ಮುಂಚಿನ ವೇಳೆಗೆ ಬದಲಿಸಿ. ವಿಡಿಯೊ ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟರೂ ಗಿರಾಕಿಗಳ ಪೆನ್‌ಡ್ರೈವ್ ಫೈಲ್‌ಗಳು ಬೀಳುವ ಫೋಲ್ಡರನ್ನು ಎಂದಿಗೂ ಹೊರಗಿಡಬೇಡಿ.

ತುರ್ತಿಗೆ ಒಂದು ಉಪಾಯ: ಪ್ರೋಸೆಸ್ ಎಕ್ಸ್‌ಪ್ಲೋರರ್ ಅಥವಾ ರಿಸೋರ್ಸ್ ಮಾನಿಟರ್‌ನಲ್ಲಿ ರೆಂಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಸಸ್ಪೆಂಡ್ ಒತ್ತಿದರೆ ಅದು ನಿಂತಲ್ಲೇ ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ ಮುಗಿಸಿ ರೆಸ್ಯೂಮ್ ಒತ್ತಿ. ನಡುವೆ ಆ ವಿಂಡೋ ನಾಟ್ ರೆಸ್ಪಾಂಡಿಂಗ್ ಎನ್ನುತ್ತದೆ, ಗಾಬರಿಯಾಗಿ ಎಂಡ್ ಟಾಸ್ಕ್ ಕೊಡಬೇಡಿ. ಹೀಗೆ ನಿಲ್ಲಿಸಿದಾಗ ಸಿಪಿಯು ಬಿಡುಗಡೆಯಾಗುತ್ತದೆ, ರ್‍ಯಾಮ್ ಬಿಡುಗಡೆಯಾಗುವುದಿಲ್ಲ.

ರ್‍ಯಾಮ್ ವಿಷಯಕ್ಕೆ ಬರೋಣ, ನಿಮ್ಮ ತೊಂದರೆಯ ದೊಡ್ಡ ಪಾಲು ಇಲ್ಲಿದೆ ಎಂಬುದು ನನ್ನ ಅಂದಾಜು. 8 ಜಿಬಿಯಲ್ಲಿ ವಿಂಡೋಸ್ 11, ಎಡಿಟಿಂಗ್ ತಂತ್ರಾಂಶ, ಅರ್ಜಿಗಾಗಿ ತೆರೆದ ಹತ್ತು ಕ್ರೋಮ್ ಟ್ಯಾಬ್, ವರ್ಡ್, ಜೊತೆಗೆ ಫೋಟೊಶಾಪ್ ಹಿಡಿಸುವುದಿಲ್ಲ. ಹಿಡಿಸದ್ದನ್ನು ವಿಂಡೋಸ್ ಡಿಸ್ಕಿನಲ್ಲಿರುವ ಪೇಜ್‌ಫೈಲ್ ಎಂಬ ಫೈಲ್‌ಗೆ ಎತ್ತಿಡುತ್ತದೆ. ಎಸ್‌ಎಸ್‌ಡಿಯಲ್ಲಿ ಜಾಗ ಉಳಿಸಲು ಪೇಜ್‌ಫೈಲನ್ನು ಡಿ ಡ್ರೈವ್‌ಗೆ, ಅಂದರೆ ಹಾರ್ಡ್ ಡಿಸ್ಕಿಗೆ, ಕಳಿಸುವ ಅಭ್ಯಾಸ ಅಸೆಂಬಲ್ ಮಾಡುವ ಕೆಲವರಲ್ಲಿ ಇದೆ. ನಿಮ್ಮದರಲ್ಲಿ ಹಾಗಾಗಿದೆಯೇ ನೋಡಿ: ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್, ಪರ್ಫಾರ್ಮೆನ್ಸ್‌ನ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ವರ್ಚುವಲ್ ಮೆಮೊರಿ, ಚೇಂಜ್. ಡಿಯಲ್ಲಿದ್ದರೆ ಸಿ ಡ್ರೈವ್‌ಗೆ, ಅಂದರೆ ಎಸ್‌ಎಸ್‌ಡಿಗೆ, ತಂದು ಸಿಸ್ಟಮ್ ಮ್ಯಾನೇಜ್ಡ್ ಎಂದು ಬಿಡಿ. ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ: 7200 ಆರ್‌ಪಿಎಂ ಡಿಸ್ಕ್ ಅರ್ಧ ಸುತ್ತಿಗೆ 4.17 ಮಿಲಿಸೆಕೆಂಡ್, ಹೆಡ್ ಸರಿಯಲು ಸುಮಾರು 8–9 ಮಿಲಿಸೆಕೆಂಡ್, ಒಟ್ಟು 12–13. ಸೆಕೆಂಡಿಗೆ 80ರಷ್ಟು ಓದು. ಚದುರಿಬಿದ್ದ 4 ಕೆಬಿ ಪುಟಗಳಾದರೆ ಸೆಕೆಂಡಿಗೆ 320 ಕೆಬಿ ಮಾತ್ರ. ಅದೇ ಡಿಸ್ಕಿನಲ್ಲಿ ರೆಂಡರ್ ಕೂಡ ಓದಿ ಬರೆಯುತ್ತಿದ್ದರೆ ನಿಮ್ಮ ಎರಡು ಮೂರು ಸೆಕೆಂಡ್ ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮೂಲ ವಿಡಿಯೊ ಡಿಯಲ್ಲೇ ಇರಲಿ, ಎಕ್ಸ್‌ಪೋರ್ಟ್ ಫೈಲ್ ಮತ್ತು ತಾತ್ಕಾಲಿಕ ಕ್ಯಾಶ್ ಎಸ್‌ಎಸ್‌ಡಿಗೆ ಹೋಗಲಿ; ಎಸ್‌ಎಸ್‌ಡಿಯಲ್ಲಿ 40–50 ಜಿಬಿ ಯಾವಾಗಲೂ ಖಾಲಿ ಇರಬೇಕು.

ರ್‍ಯಾಮ್ ಕ್ಲೀನರ್ ಯಾಕೆ ಬೇಡವೆಂದರೆ ಅದು ಇದೇ ರೋಗವನ್ನು ಹೆಚ್ಚಿಸುತ್ತದೆ. ಓಡುತ್ತಿರುವ ಪ್ರೋಸೆಸ್‌ಗಳಿಂದ ಪುಟಗಳನ್ನು ಬಲವಂತವಾಗಿ ಕಿತ್ತು ಹೊರಹಾಕಿ "3 ಜಿಬಿ ಖಾಲಿಯಾಯಿತು" ಎಂದು ತೋರಿಸುತ್ತದೆ. ಮರುಕ್ಷಣ ವರ್ಡ್‌ಗೆ ಅವೇ ಪುಟಗಳು ಬೇಕಾಗುತ್ತವೆ, ವಾಪಸ್ ತರಬೇಕಾಗುತ್ತದೆ. ಖಾಲಿ ರ್‍ಯಾಮ್‌ನಿಂದ ಲಾಭವೂ ಇಲ್ಲ. ವಿಂಡೋಸ್ ಅದನ್ನು ಇತ್ತೀಚೆಗೆ ಬಳಸಿದ ಫೈಲ್‌ಗಳಿಂದ ತುಂಬಿಟ್ಟು, ಯಾರಾದರೂ ಕೇಳಿದ ತಕ್ಷಣ ಬಿಟ್ಟುಕೊಡುತ್ತದೆ.

ಕ್ಲೀನರ್‌ಗೆ ಹಣ ಕೊಡುವ ಬದಲು ಇನ್ನೊಂದು 8 ಜಿಬಿ ರ್‍ಯಾಮ್ ಕಡ್ಡಿ ಹಾಕಿ. ನಿಮ್ಮ ಸಿಪಿಯುಗೆ ಡಿಡಿಆರ್4, 2666 ಸಾಕು. ಹಳೆಯ ಕಡ್ಡಿಯ ಮೇಲಿನ ಚೀಟಿ ಓದಿ ಅದೇ ವೇಗದ್ದು ತನ್ನಿ, ಮದರ್‌ಬೋರ್ಡಿನಲ್ಲಿ ನಾಲ್ಕು ಜಾಗವಿದ್ದರೆ ಪುಸ್ತಕ ನೋಡಿ ಬೇರೆ ಚಾನೆಲ್ಲಿಗೆ ಕೂರಿಸಿ. ಎರಡು ಚಾನೆಲ್ ಆದಾಗ ರೆಂಡರ್‌ಗೂ ಉಪಯೋಗ. ಸಿಪಿಯು ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಇಲ್ಲದಿದ್ದರೆ ಒಳಗೇ ಇಂಟೆಲ್ ಗ್ರಾಫಿಕ್ಸ್ ಇದೆ. ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಕ್ವಿಕ್ ಸಿಂಕ್ ಅಥವಾ ಹಾರ್ಡ್‌ವೇರ್ ಎನ್‌ಕೋಡಿಂಗ್ ಆರಿಸಿದರೆ ಎನ್‌ಕೋಡಿಂಗ್ ಹೊರೆ ಸಿಪಿಯುವಿನಿಂದ ಆ ಭಾಗಕ್ಕೆ ಇಳಿಯುತ್ತದೆ. ಎಫ್ ಇದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು.

ಇವನ್ನೆಲ್ಲ ಒಂದೇ ದಿನ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದೆ ಹೋಗುತ್ತದೆ. ಮುಹೂರ್ತದ ಐದು ನಿಮಿಷದ ಒಂದು ತುಣುಕನ್ನು ಬೇರೆ ಇಟ್ಟುಕೊಳ್ಳಿ. ಅದನ್ನೇ ಪ್ರತಿ ಸಲ ಎಕ್ಸ್‌ಪೋರ್ಟ್ ಮಾಡಿ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ಸಮಯ ಬರೆದುಕೊಳ್ಳಿ, ಆ ಹೊತ್ತಿನಲ್ಲಿ ಒಂದೇ ಪ್ಯಾರಾ ಟೈಪ್ ಮಾಡಿ ನೋಡಿ. ಮೊದಲು ಏನೂ ಬದಲಿಸದೆ, ಆಮೇಲೆ ಬಿಲೋ ನಾರ್ಮಲ್, ಆಮೇಲೆ ಪೇಜ್‌ಫೈಲ್ ಸ್ಥಳ, ಕೊನೆಗೆ ರ್‍ಯಾಮ್. ಎರಡನೇ ಸಲಕ್ಕೇ ಟೈಪಿಂಗ್ ಸರಾಗವಾಗಿ ಎಕ್ಸ್‌ಪೋರ್ಟ್ ಸಮಯ ಹೆಚ್ಚುಕಡಿಮೆ ಅಷ್ಟೇ ಇದ್ದರೆ ರ್‍ಯಾಮ್ ಖರೀದಿಯನ್ನು ಮುಂದಿನ ಮದುವೆ ಸೀಸನ್‌ವರೆಗೆ ಮುಂದೂಡಬಹುದು.